ಬೂತಾಯಿಯ ಬೆಲೆಗೆ ಸಿದ್ದರಾಮಯ್ಯನವರ ವಾದ

ನಾನು ಬೆಳೆದದ್ದು ಮಲ್ಪೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಅಚ್ಚಿನಂಥ ಕನ್ನಡ. ಪ್ರತಿ ಅಕ್ಷರವನ್ನೂ ಪೂರ್ತಿ ಉಚ್ಚರಿಸುವುದು, ಕೊನೆಯ ಸ್ವರವನ್ನು ತುಸು ಎಳೆಯುವುದು ನಮ್ಮ ನಾಲಿಗೆಯ ಅಭ್ಯಾಸ. ಸಿದ್ದರಾಮಯ್ಯನವರ ಮಾತನ್ನು ಅನುಕರಿಸಲು ಹೊರಟಾಗ ತೊಡಕಾದದ್ದು ಅದೇ. ಗಂಟಲನ್ನು ಗಡಸಾಗಿಸಿದರೆ ಸಾಕೆಂದುಕೊಂಡಿದ್ದೆ. ಮೊಬೈಲಿನಲ್ಲಿ ಮುದ್ರಿಸಿ ಕೇಳಿದಾಗ ಗಂಟಲು ಮಾತ್ರ ಅವರದಿತ್ತು, ಕನ್ನಡ ಉಡುಪಿಯದೇ ಆಗಿತ್ತು.

ಅವರು ಮೈಸೂರು ಸೀಮೆಯ ಸಿದ್ದರಾಮನಹುಂಡಿಯವರು. ಆ ಕಡೆಯ ಮಾತಿನಲ್ಲಿ ಪದದ ನಡುವಿನ ಸ್ವರಗಳು ಉದುರಿ ವ್ಯಂಜನಗಳು ಒತ್ತಿಕೊಳ್ಳುತ್ತವೆ. ನಮ್ಮಲ್ಲಿ 'ಮಾರಾಯ್ರೆ' ಬರುವ ಜಾಗದಲ್ಲಿ ಅಲ್ಲಿ 'ಅಪ್ಪ' ಬರುತ್ತದೆ. ಈ ಒಂದು 'ಅಪ್ಪ' ಸರಿಯಾಗಿ ಕೂರಲು ನನಗೆ ವಾರಗಳೇ ಹಿಡಿದವು. ಅದರಲ್ಲಿ ಗದರಿಕೆಯೂ ಇರಬೇಕು, ಸಲುಗೆಯೂ ಇರಬೇಕು.

ಚುನಾವಣಾ ಭಾಷಣಗಳಿಗಿಂತ ವಿಧಾನಸಭೆಯ ಕಲಾಪದ ದೃಶ್ಯಗಳಿಂದ ನಾನು ಹೆಚ್ಚು ಕಲಿತೆ. ಅಲ್ಲಿ ಅವರೊಳಗಿನ ವಕೀಲ ಕಾಣಿಸುತ್ತಾರೆ: ಪ್ರಶ್ನೆ ಎತ್ತುತ್ತಾರೆ, ತುಸು ಹೊತ್ತು ಸುಮ್ಮನಾಗುತ್ತಾರೆ, ಉತ್ತರವನ್ನೂ ತಾವೇ ಕೊಡುತ್ತಾರೆ. ಸಂಧಿ, ಸಮಾಸದ ಮಾತು ಬಂದರೆ ಮೇಷ್ಟರಾಗುತ್ತಾರೆ. ಕೇಳಿದ್ದನ್ನು ಕಾಗದದಲ್ಲಿ ಬರೆದು, ಉಸಿರು ನಿಂತಲ್ಲೆಲ್ಲ ಗೀಟು ಹಾಕಿದೆ. ಆ ಗೀಟುಗಳೇ ನನಗೆ ಪಾಠವಾದವು. ಬೆಳಿಗ್ಗೆ ಕಡಲತೀರದಲ್ಲಿ ಎದೆಯ ಮೇಲೆ ಕೈಯಿಟ್ಟು ಅಭ್ಯಾಸ ಮಾಡುತ್ತಿದ್ದೆ. ಕೈಗೆ ಕಂಪನ ತಾಗದಿದ್ದರೆ ಧ್ವನಿ ಬರೀ ಗಂಟಲಿನದೆಂದು ಅರ್ಥ; ಹಾಗೆ ಮುಂದುವರಿಸಿದರೆ ಮರುದಿನ ಸ್ವರವೇ ಏಳುವುದಿಲ್ಲ.

ಚೌತಿಯ ವೇದಿಕೆಯಲ್ಲಿ ಮೊದಲ ವರ್ಷ ಜನ ಆರಂಭದಲ್ಲಿ ನಕ್ಕರು, ಆಮೇಲೆ ತಮ್ಮ ತಮ್ಮ ಮಾತಿಗೆ ತೊಡಗಿದರು. ಎಲ್ಲರಿಗೂ ಗೊತ್ತಿದ್ದ ಮಾತುಗಳನ್ನೇ ನಾನು ಒಪ್ಪಿಸಿದ್ದೆ. ಮರುವರ್ಷ, ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳನ್ನು ನೆನೆದೆ. ಅವರು ಬಾಯಿಪಾಠ ಒಪ್ಪಿಸುವುದಿಲ್ಲ, ಪಾತ್ರದೊಳಗೆ ನಿಂತು ವಾದ ಕಟ್ಟುತ್ತಾರೆ. ನಾನೂ ಬೂತಾಯಿ ಮೀನಿನ ಬೆಲೆಯನ್ನು ವಿಷಯವಾಗಿಟ್ಟುಕೊಂಡು ಸಿದ್ದರಾಮಯ್ಯನವರ ಕ್ರಮದಲ್ಲೇ ವಾದಿಸಿದೆ. ಪ್ರಶ್ನೆಯ ನಂತರದ ಮೌನದಲ್ಲಿ ಇಡೀ ಸಭೆ ಕಾಯುತ್ತಿತ್ತು. ಆ ಕ್ಷಣ ನನಗೆ ಚಪ್ಪಾಳೆಗಿಂತ ದೊಡ್ಡದು.

ಒಮ್ಮೆ ಚುನಾವಣೆಯ ಹೊತ್ತಿನಲ್ಲಿ ಒಬ್ಬರು ಬಂದು, ಅದೇ ಧ್ವನಿಯಲ್ಲಿ ಎದುರಾಳಿಯನ್ನು ಬೈದು ಮುದ್ರಿಸಿಕೊಡಲು ಕೇಳಿದರು. ವಾಟ್ಸಾಪಿನಲ್ಲಿ ಹರಿದಾಡುವ ಧ್ವನಿಗೆ ವೇದಿಕೆ ಇರುವುದಿಲ್ಲ, ಅನುಕರಣೆ ಎಂದು ಹೇಳುವವರೂ ಇರುವುದಿಲ್ಲ. ಆಗುವುದಿಲ್ಲ ಎಂದು ಕಳುಹಿಸಿದೆ. ಅಂದಿನಿಂದ ಪ್ರತಿ ಕಾರ್ಯಕ್ರಮದಲ್ಲಿ ಮೊದಲು ನನ್ನದೇ ಧ್ವನಿಯಲ್ಲಿ ಹೆಸರು ಹೇಳಿ, ಆಮೇಲೆ ಅವರ ಮಾತಿಗೆ ಇಳಿಯುತ್ತೇನೆ.