ಡಯಾಲಿಸಿಸ್‌ನವರ ಮನೆಯಲ್ಲಿ ಜ್ವರ ಬರಲಿ ಅಂತ ಕಾಯಬೇಡಿ

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮಷೀನಿಗೆ ಹಾಕುವ ಮುಂಚೆ ರೋಗಿಗಳನ್ನು "ಜ್ವರ ಇತ್ತಾ?" ಅಂತ ಕೇಳುತ್ತೇನೆ. "ಇಲ್ಲ ಮೇಡಂ, ಸ್ವಲ್ಪ ಸುಸ್ತು ಅಷ್ಟೇ" ಅನ್ನುತ್ತಾರೆ. ನನಗೆ ಭಯ ಆಗುವುದು ಆ ಸುಸ್ತಿಗೇ, ಇವರಲ್ಲಿ ಜ್ವರ ಕಾಣದೆಯೂ ಸೋಂಕು ಇರಬಹುದು.

ಕಿಡ್ನಿ ನಿಂತಾಗ ರಕ್ತದಲ್ಲೇ ಉಳಿಯುವ ಕಶ್ಮಲ ಬಿಳಿ ರಕ್ತಕಣಗಳನ್ನು ಮಂಕು ಮಾಡುತ್ತದೆ. ರಿಪೋರ್ಟಿನಲ್ಲಿ ಲೆಕ್ಕ ಸರಿಯಾಗೇ ಕಾಣಬಹುದು, ಆದರೆ ರೋಗಾಣು ಹಿಡಿದು ಕೊಲ್ಲುವ ಚುರುಕು ಇರುವುದಿಲ್ಲ. ಡಯಾಲಿಸಿಸ್ ಮಾಡಿಸಿದರೂ ಇದು ಪೂರ್ತಿ ಸರಿಹೋಗದು. ಹೃದಯದ ತೊಂದರೆ ಬಿಟ್ಟರೆ ಇವರ ಜೀವಕ್ಕೆ ಜಾಸ್ತಿ ಕುತ್ತು ತರುವುದು ಸೋಂಕೇ.

ಮೊದಲು ಒಂದು ಥರ್ಮಾಮೀಟರ್ ತನ್ನಿ. ಇವರಲ್ಲಿ ಎಷ್ಟೋ ಜನರ ಮೈ ಬಿಸಿ ಮಾಮೂಲಿಗಿಂತ ಕಮ್ಮಿ ಇರುತ್ತದೆ. ಆರಾಮಾಗಿರುವ ದಿನ ನೋಡಿ ಬರೆದಿಡಿ. ಸದಾ 97 ಇರುವವರಿಗೆ 99.5 ಬಂದರೂ ನಮಗೆ ಫೋನ್ ಮಾಡಿ. ಊಟ ಬೇಡ ಅನ್ನುವುದು, ಮಾತು ತಡವರಿಸುವುದು, ಬಿಪಿ ಇಳಿಯುವುದು, ಇವೂ ಸೋಂಕಿನ ಸುಳಿವೇ.

ಕುತ್ತಿಗೆಗೆ ಲೈನ್ (ಡಯಾಲಿಸಿಸ್‌ಗೆ ರಕ್ತ ತೆಗೆದು ವಾಪಸ್ ಕೊಡುವ ಪೈಪ್) ಹಾಕಿಸಿಕೊಂಡವರು ಎಲ್ಲರಿಗಿಂತ ಹುಷಾರಾಗಿರಬೇಕು. ಆ ಪೈಪಿನ ತುದಿ ಹೃದಯದ ಹತ್ತಿರದವರೆಗೂ ಹೋಗಿರುತ್ತದೆ. ನೀರು ತಾಗಬಾರದು. ಹೆಂಗಸರಿಗೆ ಕಷ್ಟ ಆಗುವುದು ತಲೆಸ್ನಾನ, ಅದರಲ್ಲೂ ಎಣ್ಣೆ ಹಚ್ಚಿ ಅಭ್ಯಾಸ ಇರುವ ಅಜ್ಜಿಯರಿಗೆ. ಮಂಚದಲ್ಲಿ ಅಂಗಾತ ಮಲಗಿಸಿ, ತಲೆ ಅಂಚಿನಿಂದಾಚೆ ಬರಲಿ. ಕೆಳಗೆ ಬಕೆಟ್ ಇಟ್ಟು, ಇನ್ನೊಬ್ಬರು ಹಣೆಯಿಂದ ಹಿಂದಕ್ಕೆ ಚೊಂಬಿನಲ್ಲಿ ನೀರು ಹಾಕಲಿ. ಮೈ ಒರೆಸಿಕೊಂಡರೆ ಸಾಕು. ಮಳೆಗಾಲದಲ್ಲಿ ಬೆವರಿಗೇ ಲೈನಿನ ಮೇಲಿನ ಟೇಪ್ ಬಿಟ್ಟುಕೊಳ್ಳುತ್ತದೆ. ಆಗ ಮನೆಯಲ್ಲಿ ಅಂಟಿಸಬೇಡಿ, ಸೀದಾ ಬನ್ನಿ. ಲೈನ್ ಬಿಚ್ಚುವಾಗ ರೋಗಿಗೂ ಮಾಸ್ಕ್ ಇರಬೇಕು, ನಾವು ಮರೆತರೆ ನೀವೇ ಕೇಳಿ. ಮಷೀನ್ ಶುರುವಾದ ಮೇಲೆ ಚಳಿ, ನಡುಕ ಬಂದರೆ ಕಂಬಳಿ ಹೊದ್ದು ಸುಮ್ನೆ ಮಲಗಬೇಡಿ. ಲೈನಿನಲ್ಲಿದ್ದ ರೋಗಾಣು ರಕ್ತಕ್ಕೆ ಇಳಿದಿರಬಹುದು. ಆಂಟಿಬಯೋಟಿಕ್ ಕೊಡುವ ಮೊದಲೇ ಕಲ್ಚರ್‌ಗೆ (ಯಾವ ರೋಗಾಣು ಅಂತ ನೋಡುವ ಟೆಸ್ಟ್) ರಕ್ತ ತೆಗೆಯಬೇಕಾಗುತ್ತದೆ.

ಲೈನಿನ ಬದಲು ಫಿಸ್ಟುಲಾ (ಸೂಜಿ ಹಾಕಲು ಕೈಯ ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿದ್ದು) ಇದ್ದರೆ ಅಪಾಯ ಎಷ್ಟೋ ಕಮ್ಮಿ. ಸೂಜಿ ಹಾಕುವ ಮುಂಚೆ ಆ ಕೈಯನ್ನು ಸೋಪಿನಿಂದ ತೊಳೆದು ಬನ್ನಿ.

ಇನ್ನು ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಸೋಂಕು) ಲಸಿಕೆ. ಇವರಿಗೆ ಸಾಮಾನ್ಯವಾಗಿ 40 ಮೈಕ್ರೋಗ್ರಾಂ ಕೊಡುತ್ತಾರೆ, ಬೇರೆ ದೊಡ್ಡವರಿಗೆ ಕೊಡುವುದರ ಎರಡರಷ್ಟು. ಮೊದಲ ಡೋಸ್ ಆದ ಮೇಲೆ 1, 2, 6ನೇ ತಿಂಗಳಿಗೆ ಮತ್ತೆ. ಫಿಸ್ಟುಲಾ ಇಲ್ಲದ ತೋಳಿಗೇ ಹಾಕಿಸಿ. ಹಾಕಿಸಿದ್ದೇವೆ ಅಂತ ಚೀಟಿ ತೋರಿಸುವವರು ಬಹಳ, ಲಸಿಕೆ ಹಿಡಿದಿದೆಯಾ ಅಂತ ನೋಡಿಸಿದವರು ಕಮ್ಮಿ. ಕೊನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ (ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತದ ಟೆಸ್ಟ್) ಮಾಡಿಸಿ. 10ಕ್ಕಿಂತ ಕೆಳಗಿದ್ದರೆ ಮತ್ತೆ ಹಾಕಿಸಬೇಕು. ಆಮೇಲೆ ವರ್ಷಕ್ಕೊಮ್ಮೆ ನೋಡಿಸುತ್ತಿರಿ. ಕಿಡ್ನಿ ಪೂರ್ತಿ ಹೋಗುವ ಮುಂಚೆಯೇ ಹಾಕಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನೂ ಡಾಕ್ಟರ ಹತ್ತಿರ ಕೇಳಿ.

ಕ್ಷಯವೂ ಇವರಿಗೆ ಬೇಗ ಅಂಟುತ್ತದೆ. ಕೆಮ್ಮೇ ಇಲ್ಲದೆ ಕುತ್ತಿಗೆಯಲ್ಲಿ ಗಂಟಾಗಿ ಬರಬಹುದು. ಕ್ಷಯದಲ್ಲಿ ಮೈ ಕರಗುತ್ತದೆ, ಆದರೆ ಆ ಜಾಗಕ್ಕೆ ನೀರು ತುಂಬಿದರೆ ತೂಕ ಅಷ್ಟೇ ತೋರಿಸುತ್ತದೆ, ಹಾಗಾಗಿ ಬಟ್ಟೆ ಸಡಿಲ ಆಯ್ತಾ ಅಂತಲೂ ನೋಡಿ. ಚರ್ಮದ ಟೆಸ್ಟ್ ನೆಗೆಟಿವ್ ಬಂತು ಅಂತ ಬಿಡುವ ಹಾಗಿಲ್ಲ.

ಶಕ್ತಿ ಬರಲಿ ಅಂತ ಅಮೃತಬಳ್ಳಿ ಕಷಾಯ ಕೊಡುವವರಿದ್ದಾರೆ. ಅದರಿಂದ ಲಿವರ್ ಕೆಟ್ಟವರಿದ್ದಾರೆ, ಬೇಡ. ಧಾರೆಹುಳಿ (ಸ್ಟಾರ್ ಫ್ರೂಟ್) ಅಂತೂ ಒಂದು ಹೋಳೂ ಬೇಡ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ, ಜೀವವೂ ಹೋಗಬಹುದು. ಬೇಕಾಗಿರುವುದು ಪ್ರೊಟೀನ್. ಡಯಾಲಿಸಿಸ್ ಶುರು ಮಾಡುವ ಮುಂಚಿನ ದಿನಗಳಲ್ಲಿ ಕಮ್ಮಿ ತಿನ್ನಿ ಅಂದಿದ್ದರು ನಿಜ, ಈಗ ಲೆಕ್ಕ ಉಲ್ಟಾ. 50 ಕೆಜಿ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ. ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು?

ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಗೊಳ್ಳಬೇಡಿ. ಬೇರೆ ಡಾಕ್ಟರ ಹತ್ತಿರ ಹೋದರೂ ಮೊದಲು "ಡಯಾಲಿಸಿಸ್ ಆಗ್ತಿದೆ" ಅಂತಲೇ ಹೇಳಿ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ ಮಾಮೂಲಿ ಡೋಸ್ ಇವರ ಮೈಯಲ್ಲೇ ಉಳಿದು ಬುದ್ಧಿ ಭ್ರಮೆ ತರಿಸಬಹುದು.