ವಿಂಡೋಸ್ ಅಳಿಸುವ ಮೊದಲು ಹಳೆಯ ನುಡಿ, ಬರಹ ಫೈಲು ನೋಡಿಕೊಳ್ಳಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೆ ವಿಂಡೋಸ್ ಬದಲು ಲಿನಕ್ಸ್, ಎಂಎಸ್ ಆಫೀಸ್ ಬದಲು ಲಿಬ್ರೆಆಫೀಸ್ ಕಡೆ ತಿರುಗಿದವರು ಜಾಸ್ತಿಯೇ ಇದ್ದಾರೆ. ಒಳ್ಳೆಯದೇ. ಆದರೆ ಬಹಳ ಜನ ಒಂದೇ ದಿನ ಎಲ್ಲ ಅಳಿಸಿ ಹೊಸದು ಹಾಕಿಬಿಡುತ್ತಾರೆ. ಮರುದಿನ, ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಸಂಘದ ಹಳೆಯ ನಡಾವಳಿ ತೆರೆದರೆ ಕನ್ನಡವೇ ಇರುವುದಿಲ್ಲ, ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ! ಕೆಳಗಿನ ಕ್ರಮದಲ್ಲೇ ಹೋಗಿ.

ಹಂತ 1: ಯಾವ ಪ್ರೋಗ್ರಾಂನಲ್ಲಿ ನಿಜಕ್ಕೂ ಏನು ಕೆಲಸ ಮಾಡುತ್ತೀರಿ, ಬರೆದುಕೊಳ್ಳಿ. ಫೋಟೊಶಾಪ್‌ನಲ್ಲಿ ಬರೀ ಫೋಟೊ ಕತ್ತರಿಸಿ ಬೆಳಕು ಸರಿಮಾಡುವವರಿಗೆ ಗಿಂಪ್ ಧಾರಾಳ ಸಾಕು. ಪ್ರೆಸ್‌ಗಾಗಿ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿ) ಬಣ್ಣದಲ್ಲೇ ತಿದ್ದುವವರು ಕ್ರಿಟಾ ನೋಡಿ. ಕೋರೆಲ್‌ಡ್ರಾ ಬದಲು ಇಂಕ್‌ಸ್ಕೇಪ್. ಪೇಜ್‌ಮೇಕರ್ ಬದಲು ಸ್ಕ್ರೈಬಸ್, ಅದೂ 1.6 ಅಥವಾ ಅದರ ನಂತರದ್ದೇ ಆಗಬೇಕು, ಹಳೆಯ 1.4ರಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಟ್ಟು ಆಡಿಟರ್‌ಗೆ ಕೊಡುವವರು ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಹಂತ 2: ವಿಂಡೋಸ್ ಇರುವಾಗಲೇ ಲಿಬ್ರೆಆಫೀಸ್ ಹಾಕಿಕೊಳ್ಳಿ, ಅದರ ಸ್ವಂತ ತಾಣದಿಂದ ಮಾತ್ರ. ಓಪನ್‌ಆಫೀಸ್ ಬೇಡ. 2010ರಲ್ಲಿ ಅದರಿಂದಲೇ ಲಿಬ್ರೆಆಫೀಸ್ ಕವಲೊಡೆಯಿತು, ಹೊಸ ಕೆಲಸವೆಲ್ಲ ಈಗ ಈ ಕಡೆಯೇ ನಡೆಯುತ್ತಿದೆ. ಡಬ್ಲ್ಯುಪಿಎಸ್ ಆಫೀಸ್ ಬಿಟ್ಟಿ ಸಿಗುತ್ತೆ ಅಂತ ಕೆಲವರು ಹಾಕಿಕೊಳ್ಳುತ್ತಾರೆ. ಅದರ ಸೋರ್ಸ್ ಕೋಡ್ ಮುಚ್ಚಿಟ್ಟದ್ದೇ, ಹಾಗಾಗಿ ಮತ್ತೆ ಒಂದು ಕಂಪನಿಯ ಹಿಡಿತದಲ್ಲೇ, ನೀವು ಇದ್ದಲ್ಲೇ ಇದ್ದಂತೆ.

ಹಂತ 3: ಹಳೆಯ ಕನ್ನಡ ಫೈಲುಗಳು. ಇಲ್ಲಿ ಅವಸರ ಬೇಡ. ನುಡಿ, ಬರಹದಲ್ಲಿ ಹಿಂದೆ ಟೈಪ್ ಮಾಡಿದ ಬಹಳಷ್ಟು ಫೈಲು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಇಲ್ಲ. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಲಿಪಿಯ ಸಂಕೇತಗಳು, ಅವಕ್ಕೆ ಕನ್ನಡದ ಆಕಾರ ಕೊಡುವುದು ಆ ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬಣ್ಣ ಬಯಲಾಗುತ್ತದೆ. ಯಾವುದು ಎಂಥದ್ದು ಅಂತ ತಿಳಿಯೋದು ಸುಲಭ: ಒಂದು ಸಾಲು ಆರಿಸಿ ಫಾಂಟನ್ನು ಟೈಮ್ಸ್ ನ್ಯೂ ರೋಮನ್ ಮಾಡಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಕೆಟ್ಟುಹೋದರೆ ಹಳೆಯ ಬಗೆ.

ಮೊದಲು ಅಂಥ ಫೈಲುಗಳನ್ನೆಲ್ಲ ಹಳೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಡಿ. ಇನ್ನು ಓದುವುದಕ್ಕೆ ಮಾತ್ರ ಬೇಕಾದವು ಅಷ್ಟಕ್ಕೇ ಮುಗಿದವು, ಸುಮ್ನೆ ಎಲ್ಲವನ್ನೂ ಪರಿವರ್ತಿಸುತ್ತಾ ಕೂರಬೇಡಿ. ಮುಂದೆ ತಿದ್ದಬೇಕಾದವುಗಳ ಪ್ರತಿ ತೆಗೆದು, ಆ ಪ್ರತಿಯನ್ನು ಯುನಿಕೋಡ್‌ಗೆ ಬದಲಿಸಿ. ನುಡಿ, ಬರಹ ಎರಡರ ಜೊತೆಗೂ ಇದಕ್ಕೆ ಸಲಕರಣೆ ಬರುತ್ತದೆ. ನಡುವೆ ಇರುವ ಇಮೇಲ್ ವಿಳಾಸ, ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ಕನ್ನಡ ಅಂತಲೇ ತಿಳಿದು ಏನೇನೋ ಮಾಡಿಬಿಡಬಹುದು, ಆದ್ದರಿಂದ ಕನ್ನಡದ ಭಾಗವನ್ನಷ್ಟೇ ಕೊಡಿ. ಆಮೇಲೆ ಪಿಡಿಎಫ್ ಪಕ್ಕದಲ್ಲಿಟ್ಟು ಓದಿ. ಅರ್ಕಾವತ್ತು ಇರುವ ಪದಗಳನ್ನು ತಪ್ಪದೆ ನೋಡಿ: ವರ್ಷ, ಕಾರ್ಯದರ್ಶಿ, ಕರ್ನಾಟಕ. ಹಳೆಯ ಬಗೆಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು, ಈ ಅದಲುಬದಲಲ್ಲಿ ತಪ್ಪು ನುಸುಳುತ್ತದೆ. ಸದಸ್ಯರ ಹೆಸರು, ಸರ್ವೆ ನಂಬರು, ಮೊತ್ತ ಇವನ್ನಂತೂ ಒಂದೊಂದಾಗಿ ತಾಳೆ ನೋಡಲೇಬೇಕು.

ಹಂತ 4: ಲಿಬ್ರೆಆಫೀಸ್‌ನ ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ (ಕನ್ನಡದಂಥ ಲಿಪಿಗಳ ಜೋಡಣೆ) ಗುರುತು ಹಾಕಿ, ಕನ್ನಡ ಆರಿಸಿ. ಕನ್ನಡದ ಫಾಂಟು, ಗಾತ್ರ ಇಂಗ್ಲಿಷಿನದಕ್ಕಿಂತ ಬೇರೆಯಾಗಿಯೇ ಇರುತ್ತದೆ, ‘ಗಾತ್ರ ಬದಲಿಸಿದರೂ ಬದಲಾಗ್ತಿಲ್ಲ’ ಅನ್ನೋ ದೂರು ಬರುವುದು ಇದನ್ನು ನೋಡದಿದ್ದಾಗ. ಫಾಂಟಿಗೆ ನೋಟೋ ಸೆರಿಫ್ ಕನ್ನಡ ಅಥವಾ ಗುಬ್ಬಿ ಹಾಕಿ, ಎರಡೂ ಸ್ವತಂತ್ರ ಫಾಂಟುಗಳೇ. ಫೈಲನ್ನು ಲಿಬ್ರೆಆಫೀಸಿನ ಸ್ವಂತ ಬಗೆಯಾದ ಒಡಿಟಿಯಲ್ಲಿ ಉಳಿಸಿ. ಹೊರಗಿನವರಿಗೆ ಪಿಡಿಎಫ್ ಕಳಿಸಿ, ಅವರು ತಿದ್ದಬೇಕಿದ್ದರೆ ಮಾತ್ರ ವರ್ಡ್ ಬಗೆಯ ಡಾಕ್ಸ್.

ಹಂತ 5: ಕೆಲವು ವಾರ ಹೀಗೇ ಕೆಲಸ ಮಾಡಿ ಕೈ ಕೂತ ಮೇಲೆ ಲಿನಕ್ಸ್. ಮೊದಲು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ವೈಫೈ, ಪ್ರಿಂಟರ್ ನಡೆಯುತ್ತಾ ನೋಡಿ. ಟೈಪಿಂಗ್‌ಗೆ ಐಬಸ್ ಎಂ17ಎನ್ ಎಂಬ ಸಲಕರಣೆ ಹಾಕಿಕೊಂಡು, ನುಡಿಯಲ್ಲಿರುವ ಕೆಜಿಪಿ ಕೀಲಿಮಣೆಯನ್ನೇ ಆರಿಸಿ. ನುಡಿಯಲ್ಲಿ ಪಳಗಿದವರು ಹೊಸದಾಗಿ ಟೈಪಿಂಗ್ ಕಲಿಯಬೇಕಾಗಿಲ್ಲ.