ಹಳೇ ಸ್ಟೀರಿಯೋ ಆಂಪ್ಲಿಫೈಯರ್ ರಿಪೇರಿ: ಸರಿ ಇರೋ ಚಾನೆಲ್ ನೋಡಿ ಕೆಟ್ಟ ಚಾನೆಲ್ ಸರಿ ಮಾಡೋದು

ದೊಡ್ಡಪ್ಪನ ಮನೆ ಅಟ್ಟದಲ್ಲಿ ಹದಿನೈದು ವರ್ಷ ಬಿದ್ದಿದ್ದ ಆಂಪ್ಲಿಫೈಯರನ್ನು ಹೋದ ತಿಂಗಳು ಕೆಳಗಿಳಿಸಿದೆ. ಎಂಬತ್ತರ ದಶಕದ್ದು, ಮರದ ಪೆಟ್ಟಿಗೆ. ಹಿಂದೆ ಹೀಟ್ ಸಿಂಕ್ (ಬಿಸಿ ಹೊರಹಾಕೋ ಲೋಹದ ಪಟ್ಟಿ) ಮೇಲೆ ನಾಲ್ಕು 2ಎನ್3055 ಔಟ್‌ಪುಟ್ ಟ್ರಾನ್ಸಿಸ್ಟರ್, ಒಳಗೆ ಧೂಳು, ಹಲ್ಲಿ ಮೊಟ್ಟೆಯ ಸಿಪ್ಪೆ. ಫ್ಯೂಸ್ ಜಾಗದಲ್ಲಿ ಯಾರೋ ರಿಪೇರಿಯವರು ತಾಮ್ರದ ವೈರಿನ ಎಳೆ ಸುತ್ತಿಟ್ಟಿದ್ದರು. ಇಂಥದ್ದು ಕಂಡರೆ ಕರೆಂಟ್ ಕೊಡೋಕೆ ಹೋಗಬೇಡಿ. ಫ್ಯೂಸ್ ಪದೇ ಪದೇ ಹೋಗ್ತಿತ್ತು, ಅದಕ್ಕೇ ಸುತ್ತಿದ್ದಾರೆ ಅಂತ ಅರ್ಥ.

ಮೊದಲು ಸೀರೀಸ್ ಬಲ್ಬ್ ಬೋರ್ಡ್ ಮಾಡಿಕೊಳ್ಳಿ. 60 ಅಥವಾ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ಬಲ್ಬ್ ಇದಕ್ಕೆ ಆಗಲ್ಲ. ಫೇಸ್ ವೈರು ಬಲ್ಬಿನ ಮೂಲಕ ಹಾದು ಆಂಪ್ಲಿಫೈಯರಿಗೆ ಹೋಗಬೇಕು, ಅಷ್ಟೇ. ಸ್ವಿಚ್ ಹಾಕಿದಾಗ ಬಲ್ಬ್ ಒಂದು ಕ್ಷಣ ಹೊಳೆದು ಮಂಕಾದರೆ ಪರವಾಗಿಲ್ಲ. ಜೋರಾಗಿ ಉರೀತಾನೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಬಲ್ಬ್ ಕಾಪಾಡೋದು ಪಾರ್ಟುಗಳನ್ನು, ನಿಮ್ಮನ್ನಲ್ಲ! ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕಡೆ, ಅಂದರೆ ಮನೆ ಕರೆಂಟ್ ಒಳಗೆ ಬರೋ ಕಡೆ, 230 ವೋಲ್ಟ್ ಇದ್ದೇ ಇರುತ್ತೆ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ದೊಡ್ಡ ಫಿಲ್ಟರ್ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರುತ್ತೆ. ಅದರ ಎರಡು ಕಾಲಿಗೆ 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಅರ್ಧ ನಿಮಿಷ ಹಿಡಿದು, ಮೀಟರಿನಲ್ಲಿ ಸೊನ್ನೆ ಬಂತಾ ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸೋ ಅಭ್ಯಾಸ ನನಗೂ ಇತ್ತು, ಬಿಟ್ಟೆ.

ನಮ್ಮದರಲ್ಲಿ ಬಲ್ಬ್ ಜೋರಾಗಿ ಉರಿಯಿತು. ಎಡ ಚಾನೆಲ್ಲಿಗೆ ಹೋಗೋ ಸಪ್ಲೈ ವೈರನ್ನು ಬಿಚ್ಚಿಟ್ಟು ನೋಡಿದರೆ ಮಂಕಾಯಿತು. ಅಂದರೆ ಟ್ರಾನ್ಸ್‌ಫಾರ್ಮರ್, ಡಯೋಡ್‌ಗಳು, ಬಲ ಚಾನೆಲ್ ಎಲ್ಲ ಸರಿ ಇವೆ, ಎಡಗಡೆ ಮಾತ್ರ ಕೆಟ್ಟಿದೆ.

ಸರ್ಕ್ಯೂಟ್ ಡಯಾಗ್ರಾಮ್ ಸಿಗಲಿಲ್ಲ ಅಂತ ತುಂಬಾ ಜನ ಇಲ್ಲೇ ಕೈಬಿಡ್ತಾರೆ. ಆದರೆ ಸ್ಟೀರಿಯೋ ಅಂದರೆ ಒಂದೇ ಸರ್ಕ್ಯೂಟ್ ಎರಡು ಸಲ ಕೂತಿರೋದು ಅಲ್ವಾ? ಸರಿ ಇರೋ ಚಾನೆಲ್ಲೇ ನಿಮ್ಮ ಡಯಾಗ್ರಾಮ್. ಪ್ಲಗ್ ಕಿತ್ತು, ಚಾರ್ಜ್ ತೆಗೆದು, ಮೀಟರನ್ನು ಓಮ್ಸ್‌ಗೆ ಇಡಿ. ಕಪ್ಪು ಪ್ರೋಬ್ ಗ್ರೌಂಡಿಗೆ ಕಚ್ಚಿಸಿ, ಕೆಂಪನ್ನು ಬಲ ಚಾನೆಲ್ಲಿನ ಒಂದು ಪಾಯಿಂಟಿಗೆ, ಆಮೇಲೆ ಎಡಗಡೆ ಅದೇ ಪಾಯಿಂಟಿಗೆ ಇಡ್ತಾ ಬನ್ನಿ. ಕಂಡೆನ್ಸರ್ ಇರೋದರಿಂದ ಅಂಕಿ ನಿಲ್ಲೋಕೆ ಸ್ವಲ್ಪ ಹೊತ್ತು ಬೇಕು. ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಳ್ಳಿ, ಬೇಜಾರಿನ ಕೆಲಸವೇ, ಆದರೆ ಅರ್ಧ ಗಂಟೆಯಲ್ಲಿ ಎಲ್ಲಿ ತಾಳೆ ಆಗ್ತಿಲ್ಲ ಅನ್ನೋದು ತಾನಾಗೇ ಎದ್ದು ಕಾಣುತ್ತೆ.

ನನಗೆ ಮೂರು ಕಡೆ ಸಿಕ್ಕಿತು. ಎಡಗಡೆಯ ಎರಡರಲ್ಲಿ ಮೇಲಿನ, ಅಂದರೆ ಪ್ಲಸ್ ಸಪ್ಲೈ ಕಡೆಯ 2ಎನ್3055ರಲ್ಲಿ ಬಾಡಿಯಿಂದ (ಅದೇ ಕಲೆಕ್ಟರ್) ಎಮಿಟರ್ ಕಾಲಿಗೆ ಸೊನ್ನೆ ಓಮ್. ಅದರ 0.47 ಓಮ್ ಎಮಿಟರ್ ರೆಸಿಸ್ಟರ್ ಸುಟ್ಟು ಕಪ್ಪಾಗಿತ್ತು. ಇಷ್ಟಕ್ಕೇ ಟ್ರಾನ್ಸಿಸ್ಟರ್ ಬದಲಾಯಿಸಿ ಆನ್ ಮಾಡಿದ್ದರೆ ಹೊಸದೂ ಸುಟ್ಟು ಹೋಗುತ್ತಿತ್ತು, ಯಾಕೆಂದರೆ ರೋಗ ಮೂರನೇ ಕಡೆ ಇತ್ತು. ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಸ್ವಲ್ಪ ಕರೆಂಟ್ ಹರಿಯೋ ಹಾಗೆ ಇಡೋದು) ಕೊಡೋ ಎರಡು ಡಯೋಡ್ ಜೊತೆ ಸೀರೀಸಿನಲ್ಲಿ ಒಂದು ಚಿಕ್ಕ ಪ್ರಿಸೆಟ್, ಅಂದರೆ ತಿರುಗಿಸಿ ಓಮ್ ಬದಲಾಯಿಸೋ ರೆಸಿಸ್ಟರ್. ಬಲಗಡೆಯದು 62 ಓಮ್ ತೋರಿಸಿ ಸುಮ್ನೆ ನಿಂತಿತು. ಎಡಗಡೆಯದನ್ನು ಬೆರಳಲ್ಲಿ ಒತ್ತಿದರೆ ಮಾತ್ರ ಅಂಕಿ, ಬಿಟ್ಟರೆ ಓಪನ್, ಅಂದರೆ ಸಂಪರ್ಕವೇ ಇಲ್ಲ. ಮಧ್ಯದ ತಗಡಿನ ಕೆಳಗೆ ಹಸಿರು ಕಿಲುಬು. ಈ ತರದ ಸರ್ಕ್ಯೂಟಿನಲ್ಲಿ ಪ್ರಿಸೆಟ್ ಓಪನ್ ಆದರೆ ಬಯಾಸ್ ಪೂರ್ತಿ ಏರುತ್ತೆ, ಮೇಲಿಂದು ಕೆಳಗಿಂದು ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಕರೆಂಟ್ ಎಳೆದು ಸಾಯುತ್ತವೆ. ಹತ್ತು ರೂಪಾಯಿಯ ಪಾರ್ಟು!

ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದ್ದರೆ ಅದನ್ನು ನಡೆಸೋ, ಅದರ ಹಿಂದಿನ ಡ್ರೈವರ್‌ಗಳನ್ನೂ ಬಿಚ್ಚಿ ನೋಡಿ. ನಮ್ಮದರಲ್ಲಿ ಜಾಲಹಳ್ಳಿ ಬಿಇಎಲ್‌ನ ಎಸ್‌ಎಲ್100, ಎಸ್‌ಕೆ100 ಇದ್ದವು. ತಗಡಿನ ಟೋಪಿ ಹಾಕಿಕೊಂಡ ಆ ಪುಟಾಣಿಗಳು ಚೆನ್ನಾಗೇ ಇದ್ದವು. 2ಎನ್3055ನ್ನು ಡಯೋಡ್ ಮೋಡಿನಲ್ಲಿ ನೋಡೋದು ಸುಲಭ: ಕೆಂಪು ಬೇಸಿಗೆ, ಕಪ್ಪು ಎಮಿಟರಿಗೆ, ಆಮೇಲೆ ಬಾಡಿಗೆ, ಎರಡೂ ಸಲ 0.5ರಿಂದ 0.7 ಬರಬೇಕು. ಬಾಡಿ ಮತ್ತು ಎಮಿಟರ್ ನಡುವೆ ಹೇಗೆ ತಿರುಗಿಸಿದರೂ ಬೀಪ್ ಬರಬಾರದು.

ಹೊಸದು ತರುವಾಗ ಹುಷಾರು. ಬೆಂಗಳೂರಿನ ಎಸ್‌ಪಿ ರೋಡಾಗಲಿ ಆನ್‌ಲೈನಾಗಲಿ, 2ಎನ್3055 ಅಂತ ಅಚ್ಚು ಹಾಕಿದ ನಕಲಿ ಎಲ್ಲಾ ಕಡೆ ಓಡಾಡುತ್ತೆ. ಅಸಲಿ 60 ವೋಲ್ಟ್, 15 ಆಂಪಿಯರ್‌ದು. ಕೈಯಲ್ಲಿ ಹಗುರ ಅನ್ನಿಸಿದರೆ, ಬೆಲೆ ತೀರಾ ಕಮ್ಮಿ ಇದ್ದರೆ ಬಿಡಿ, ಕಂಪನಿಯ ಅಧಿಕೃತ ಡೀಲರ್ ಹತ್ತಿರ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಬಾಡಿಯೇ ಕಲೆಕ್ಟರ್ ಆಗಿರೋದರಿಂದ ಹೀಟ್ ಸಿಂಕಿಗೆ ತಾಗಬಾರದು, ನಡುವೆ ಅಭ್ರಕದ ಹಾಳೆ ಇರುತ್ತೆ. ಹಳೇದನ್ನು ತೆಗೆದಾಗ ನಮ್ಮದು ಹಪ್ಪಳದ ಹಾಗೆ ಪುಡಿಯಾಯಿತು. ಹೊಸ ಹಾಳೆ ಹಾಕಿ, ಎರಡೂ ಕಡೆ ತೆಳ್ಳಗೆ ಹೀಟ್ ಸಿಂಕ್ ಪೇಸ್ಟ್ ಹಚ್ಚಿ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಹಾಕಿ ಬಿಗಿ ಮಾಡಿ. ಆಮೇಲೆ ಬಾಡಿ ಮತ್ತು ಹೀಟ್ ಸಿಂಕ್ ನಡುವೆ ಬೀಪ್ ಬರುತ್ತಾ ನೋಡಿ. ಬಂದರೆ ಮತ್ತೆ ಬಿಚ್ಚಬೇಕು, ಬೇರೆ ದಾರಿ ಇಲ್ಲ.

ಈಗ ಹೊಸ ಪ್ರಿಸೆಟ್ಟನ್ನು ಕನಿಷ್ಠ ಓಮ್‌ಗೆ ತಿರುಗಿಸಿ, ಸ್ಪೀಕರ್ ಕಿತ್ತಿಟ್ಟು, ಸೀರೀಸ್ ಬಲ್ಬಿನಲ್ಲಿ ಆನ್ ಮಾಡಿ. ಸ್ಪೀಕರಿಗೆ ದೊಡ್ಡ ಕಂಡೆನ್ಸರ್ ಮೂಲಕ ಹೋಗೋ ಇಂಥ ಆಂಪ್ಲಿಫೈಯರಿನಲ್ಲಿ ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್ ಸೇರೋ ಜಾಗದಲ್ಲಿ ಸಪ್ಲೈಯ ಸುಮಾರು ಅರ್ಧ ವೋಲ್ಟೇಜ್ ಇರಬೇಕು. ನಮ್ಮದು 44 ವೋಲ್ಟ್, ಮಧ್ಯೆ 22 ಹತ್ತಿರ ಬಂತು. ಪ್ಲಸ್ ಮೈನಸ್ ಎರಡೂ ಸಪ್ಲೈ ಇರೋದಾದರೆ ಅಲ್ಲಿ ಸೊನ್ನೆ ಹತ್ತಿರ ಇರಬೇಕು, ನೂರು ಮಿಲಿವೋಲ್ಟ್ ದಾಟಿದರೆ ಸ್ಪೀಕರ್ ಹಾಕಬೇಡಿ. ಇದು ಸರಿ ಇದ್ದರೆ ಬಲ್ಬ್ ತೆಗೆದು, ಸರಿಯಾದ ರೇಟಿಂಗಿನ ಫ್ಯೂಸ್ ಹಾಕಿ, ನೇರ ಕರೆಂಟ್ ಕೊಡಿ. ಎಮಿಟರ್ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದು ಪ್ರಿಸೆಟ್ಟನ್ನು ಕೂದಲೆಳೆಯಷ್ಟೇ ತಿರುಗಿಸ್ತಾ ಹೋಗಿ. 0.47 ಓಮ್ ಮೇಲೆ 12 ಮಿಲಿವೋಲ್ಟ್ ಅಂದರೆ ಸುಮಾರು 25 ಮಿಲಿಆಂಪಿಯರ್, ನಾನು ಬಲಗಡೆ ಅಳೆದು ಅಷ್ಟಕ್ಕೇ ಇಟ್ಟೆ. ಕಾಲು ಗಂಟೆ ಬಿಸಿಯಾಗಲು ಬಿಟ್ಟು ಮತ್ತೆ ನೋಡಿ. ಬಲಗಡೆಯ ಪ್ರಿಸೆಟ್ಟೂ ಅದೇ ವಯಸ್ಸಿನದು, ಅದನ್ನೂ ಬದಲಾಯಿಸಿಬಿಡಿ.

ಉಳಿದದ್ದು ಸಣ್ಣಪುಟ್ಟ. ವಾಲ್ಯೂಮ್ ತಿರುಗಿಸಿದರೆ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಳಗೆ ಹೊಡೆದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ, ಹೊಲಿಗೆ ಮಷಿನ್ ಎಣ್ಣೆ ಹಾಕಬೇಡಿ. ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಅಂತಿದ್ದರೆ ಮೊದಲ ಅನುಮಾನ ಫಿಲ್ಟರ್ ಕಂಡೆನ್ಸರ್ ಮೇಲೆ. ಹಳೇದಕ್ಕಿಂತ ವೋಲ್ಟೇಜ್ ರೇಟಿಂಗ್ ಕಮ್ಮಿ ಇಲ್ಲದ್ದನ್ನು, ಪ್ಲಸ್ ಮೈನಸ್ ನೋಡಿ ಹಾಕಿ.

ಮೊದಲ ಸಲ ಹಾಡು ಹಾಕುವಾಗ ಒಳ್ಳೇ ಸ್ಪೀಕರ್ ಜೋಡಿಸಬೇಡಿ, ಹೋದರೂ ಬೇಜಾರಾಗದ ಹಳೇ ಸ್ಪೀಕರ್ ಸಾಕು. ನಾನು ಹಾಗೇ ಮಾಡಿದೆ. ದೊಡ್ಡಪ್ಪ ಮಾತ್ರ ಎಡಗಡೆ ಸ್ಪೀಕರ್ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತರು.